ಮಾಹಿತಿದಾರಳು ಹದಿನಾಲ್ಕು

ಮೊನ್ನೆ ವಿಭಾಗದಲ್ಲಿ ಶಾಲು ಹೊದಿಸಿದರು.
ಮೂವತ್ತೊಂದು ವರ್ಷ, ಏಳು ಜನ ಸಂಶೋಧಕ ಶಿಷ್ಯರು,
ದಪ್ಪ ರಟ್ಟಿನ ಎರಡು ಪುಸ್ತಕ.
ಓದಿದವರನ್ನು ಒಂದು ಕೈಯಲ್ಲಿ ಎಣಿಸಿದರೆ
ಹೆಬ್ಬೆರಳು ಉಳಿಯುತ್ತದೆ.

ನಾನು ಅಳೆದದ್ದು ಒಂದು ಬೆಂಚು.
ಬೇರೆಯವರು ಲಾಠಿ ಅಳೆದರು, ಲಾಕಪ್ಪು ಅಳೆದರು.
ನಾನು ಠಾಣೆಯ ಹೊರಗೆ
ಶಹಾಬಾದಿ ಪರಸಿ ಹಾಸಿದ ಬೆಂಚಿನ ಮೇಲೆ
ಯಾರು ಎಷ್ಟು ಹೊತ್ತು ಕೂತರು ಎಂದು ಬರೆದುಕೊಂಡೆ.
ಏಪ್ರಿಲ್ಲಿನಲ್ಲಿ ಆ ಕಲ್ಲು
ಕೂತವರನ್ನು ತಾನೇ ವಿಚಾರಣೆ ಮಾಡುತ್ತದೆ.

ಸಿಮೆಂಟು ವ್ಯಾಪಾರಿ: ಆರು ನಿಮಿಷ, ಚಹಾ ಸಮೇತ.
ಮಾತು ಬಾರದ ಮಗಳನ್ನು ಕರೆತಂದ ತಾಯಿ:
ನಾಲ್ಕು ತಾಸು ಹತ್ತು ನಿಮಿಷ.
ಕೈಸನ್ನೆ ಬಲ್ಲವರು ಕಲಬುರಗಿಯಿಂದ ಬರಬೇಕು,
ರೈಲು ತಪ್ಪಿತಂತೆ.
ತಲೆ ಕೆಟ್ಟವನೆಂದು ಹಿಡಿದು ತಂದ ಮುದುಕ: ಎರಡು ದಿನ.
ಅವನಿಗೆ ತೆಲುಗು ಬಿಟ್ಟು ಬೇರೆ ಬರುತ್ತಿರಲಿಲ್ಲ,
ಅಷ್ಟೇ.

ರೈಟರ್ ಖಾಜಾ ಹುಸೇನ ಸಾಬರು ಕೆಟ್ಟವರಲ್ಲ.
"ಮೇಡಮ್, ಜರಾ ನಮ್ಮ ಕುರ್ಚಿನೂ ಅಳೀರಿ" ಅಂದರು ಒಮ್ಮೆ,
ಮೂವತ್ತಾರು ತಾಸಿನ ಕಣ್ಣು ತಿಕ್ಕುತ್ತ.
ಅದನ್ನು ಅಡಿಟಿಪ್ಪಣಿಯಲ್ಲಿ ಬರೆದೆ.
ಅಧ್ಯಾಯವೇ ಆಗಬೇಕಿತ್ತೇನೋ.

ವಾಡಿ ಜಂಕ್ಷನ್ನಿನ ಹಳಿ ಪಕ್ಕ
ಪಾರ್ಧಿಗಳ ಗುಡಿಸಲು, ಬೂದಿ ಬಣ್ಣದ ಧೂಳು.
ಊರಲ್ಲಿ ಯಾರದೇ ಬೈಕು ಕಳೆಯಲಿ,
ಜೀಪು ಮೊದಲು ಬರುವುದು ಅಲ್ಲಿಗೆ.
ಅಲ್ಲಿಯವಳು ನನ್ನ ಪಟ್ಟಿಯಲ್ಲಿ ಮಾಹಿತಿದಾರಳು ಹದಿನಾಲ್ಕು.
ಠಾಣೆಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವಿದೆ.
ಅದಕ್ಕೇ ಅವಳ ಅಣ್ಣತಮ್ಮಂದಿರು
ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದರು.
ನನಗೆ ಗೊತ್ತಾದದ್ದು ಪುಸ್ತಕ ಅಚ್ಚಾದ ಮೇಲೆ.

ಒಂದು ಪ್ರತಿ ಒಯ್ದು ಕೊಟ್ಟೆ.
ಓದು ಬಾರದವಳು ಹಾಳೆ ತಿರುವಿ, ಮೂಸಿ,
ಅಂಗೈಯಲ್ಲಿ ತೂಕ ನೋಡಿ ಕೇಳಿದಳು:
"ಇದ್ರಾಗ ನಾ ಎಲ್ಲಿ ಅದೀನಿ ಅಕ್ಕಾ?"
ನೂರಾ ಹನ್ನೆರಡನೇ ಪುಟದಲ್ಲಿ ಬೆರಳಿಟ್ಟೆ.
"ಇದು ನನ್ನ ಹೆಸರೇನು?"
ಅಲ್ಲ, ನಂಬರು. ಹೆಸರು ಹಾಕಿದರೆ ನಿನಗೇ ತೊಂದರೆ,
ಅದು ನಿಯಮ ಅಂದೆ,
ಸಮಿತಿಗೆ ಬರೆದುಕೊಟ್ಟದ್ದನ್ನೇ ಸಣ್ಣ ಮಾತಿನಲ್ಲಿ.
ಅವಳು ನಕ್ಕಳು, ಬಾಯಿ ತುಂಬ ಎಲೆಅಡಿಕೆ.
"ಠಾಣೆ ಬುಕ್ಕಿನಾಗ ನಮ್ಮಜ್ಜನ ಹೆಸರು ಅದ,
ನಮ್ಮಪ್ಪಂದು ಅದ,
ನನ್ನ ಮಗ ಹುಟ್ಟೋ ಮೊದ್ಲೇ ಅವಂದೂ ಬರ್ದಿಟ್ಟಾರೇನೋ.
ಆ ಬುಕ್ಕಿನಾಗೆಲ್ಲ ಹೆಸರು,
ನಿಮ್ಮ ಛಲೋ ಬುಕ್ಕಿನಾಗ ನಂಬರಾ?"

ಹಾಗಾದರೆ ಹೇಳು, ಮುಂದಿನ ಮುದ್ರಣಕ್ಕೆ ಹಾಕುತ್ತೇನೆ,
ಎಂದು ಪೆನ್ನಿನ ಟೋಪಿ ತೆಗೆದೆ.
ಪೂರ್ತಿ ಹೆಸರು? ತಂದೆಯ ಹೆಸರು? ವಯಸ್ಸು?
ಅವಳು ನನ್ನ ಕೈ ನೋಡಿದಳು.
ತೊಡೆಯ ಮೇಲೆ ವಹಿ, ಓರೆ ಹಿಡಿದ ಪೆನ್ನು,
ಎದುರಿನವರನ್ನು ನೋಡದೆ ತಗ್ಗಿದ ತಲೆ.
ಖಾಜಾ ಹುಸೇನ ಸಾಬರೂ ಹೀಗೇ ಕೂಡುತ್ತಾರೆ.
"ಬ್ಯಾಡ ಬಿಡ್ರಿ" ಅಂದಳು,
"ಹದಿನಾಲ್ಕೇ ಇರ್ಲಿ."

ಆಗ ಗೂಡ್ಸ್ ಗಾಡಿ ಬಂತು.
ಕಡೆಯ ಡಬ್ಬಿ ದಾಟುವವರೆಗೆ
ಇಬ್ಬರಿಗೂ ಮಾತಾಡದಿರಲು ಒಂದು ನೆವವಿತ್ತು.

ನನ್ನ ಶಿಫಾರಸುಗಳು ಹದಿನೇಳು.
ಜಾರಿಗೆ ಬಂದದ್ದು ಒಂದು: ಬೆಂಚಿನ ಮೇಲೆ ತಗಡಿನ ನೆರಳು.
ಇವತ್ತು ಬಸ್ಸು ಹಿಡಿದು ಹೋಗಿ ಅದರಡಿ ಕೂತೆ.
ಹೊಸ ಪೇದೆ, ಇನ್ನೂ ಮೀಸೆ ಬಲಿಯದ ಹುಡುಗ,
"ಏನು ಕಂಪ್ಲೇಂಟ್ರಿ ಅಮ್ಮಾ?" ಅಂದ.
ಏನಿಲ್ಲಪ್ಪಾ ಅಂದೆ.
"ಮತ್ತ ಯಾಕ ಕುಂತೀರಿ?"

ಹಳೇ ಚಟ, ಗಡಿಯಾರ ನೋಡಿಕೊಂಡೆ.
ಹನ್ನೊಂದು ಇಪ್ಪತ್ತು.
ಈ ಹೊತ್ತಿಗೆ ನೆರಳು
ಬೆಂಚಿನ ಅರ್ಧಕ್ಕೆ ಮಾತ್ರ ಬೀಳುತ್ತದೆ.
ಇನ್ನರ್ಧದ ಮೇಲೆ ಒಬ್ಬಳು ಕೂತಿದ್ದಳು,
ನನಗಿಂತ ಮೊದಲೇ ಬಂದವಳು.
ಸರಿದು ಕೂತೆ.